ಹೊಸ ಇಂಟರ್‌ಫೇಸ್ ಕೊಳ್ಳುವ ಮೊದಲು ಗೋಡೆಯ ಸಾಕೆಟ್ ನೋಡಿ

ಮನೆಯಲ್ಲೇ ರೆಕಾರ್ಡಿಂಗ್ ಮಾಡುವವರು ನಮ್ಮಲ್ಲಿ ಈಗ ಬಹಳ ಮಂದಿ. ಭಾವಗೀತೆ ಹಾಡುವವರು, ಆಡಿಯೋ ಪುಸ್ತಕ ಓದುವವರು, ಆನ್‌ಲೈನ್‌ನಲ್ಲಿ ಸಂಗೀತ ಹೇಳಿಕೊಡುವವರು, ಪಾಡ್‌ಕಾಸ್ಟ್ ನಡೆಸುವವರು. ಇವರಲ್ಲಿ ಹಲವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ನನ್ನ ಆಡಿಯೋ ಇಂಟರ್‌ಫೇಸ್ ಕೆಟ್ಟಿದೆ, ಈಗ ಯಾವುದನ್ನು ಕೊಳ್ಳಲಿ?" ಮೈಕ್, ವಾದ್ಯಗಳ ಧ್ವನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಪುಟ್ಟ ಪೆಟ್ಟಿಗೆಯೇ ಈ ಇಂಟರ್‌ಫೇಸ್. ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ ಎಂದೇ ನಾನು ಹೇಳುವುದು. ಕೆಟ್ಟಿದೆ ಎಂದು ತೀರ್ಮಾನಿಸಿದ ಇಂಟರ್‌ಫೇಸ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ದೋಷ ಅದರ ಹಿಂದಿನ ಕೇಬಲ್ಲಿನಲ್ಲಿ, ಲ್ಯಾಪ್‌ಟಾಪಿನ ಸೆಟ್ಟಿಂಗ್‌ನಲ್ಲಿ ಇರುತ್ತದೆ. ನಮ್ಮ ಊರುಗಳಲ್ಲಂತೂ ಎಷ್ಟೋ ಸಲ ಮನೆಯ ಗೋಡೆಯೊಳಗೇ ಇರುತ್ತದೆ.

ಗೋಡೆಯ ವಿಷಯವನ್ನೇ ಮೊದಲು ಹೇಳುತ್ತೇನೆ. ಇದರ ಬಗ್ಗೆ ಮಾತಾಡುವವರು ತೀರಾ ಕಡಿಮೆ.

ಮೈಸೂರಿನಲ್ಲಿ ವೀಣೆ ಕಲಿಸುವ ಹಿರಿಯರೊಬ್ಬರು ತಮ್ಮ ಶಿಷ್ಯರಿಗಾಗಿ ಪಾಠಗಳನ್ನು ರೆಕಾರ್ಡ್ ಮಾಡಿಡಲು ಹೊರಟಿದ್ದರು. ಅವರ ದೂರು ಹೀಗಿತ್ತು: "ನೋಡಪ್ಪ, ನಾನು ಮೀಟುವುದನ್ನು ನಿಲ್ಲಿಸಿದರೂ ಕೆಳಗೆ ಒಂದು ಸ್ವರ ನಿಂತೇ ಇರುತ್ತದೆ. ಅದು ನನ್ನ ಶ್ರುತಿಗೂ ಸೇರುವುದಿಲ್ಲ." ಅವರ ಕಿವಿ ಸರಿಯಾಗಿಯೇ ಹಿಡಿದಿತ್ತು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು. ಅದರ ಗುಂಯ್‌ಗುಡುವಿಕೆ 50, 100, 150 ಹರ್ಟ್ಸ್‌ಗಳಲ್ಲಿ ಕೇಳುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ 50 ಮತ್ತು 100 ಬಿಳಿ ಐದಕ್ಕಿಂತ (ಐದನೆಯ ಬಿಳಿ ಮನೆ) ಕೊಂಚ ಮೇಲೆ, ಯಾವ ಸ್ವರದ ಮನೆಯಲ್ಲೂ ಕೂರದ ಜಾಗ. ಬಿಳಿ ಮೂರರ ಆಸುಪಾಸಿನಲ್ಲಿ ಶ್ರುತಿ ಮಾಡಿದ ವೀಣೆಯ ಜೊತೆ ಅದು ಹೊಂದುವ ಮಾತೇ ಇಲ್ಲ.

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆವು. ಸದ್ದು ನಿಂತಿತು. ಮತ್ತೆ ಹಾಕಿದೆವು, ಮತ್ತೆ ಬಂತು. ಚಾರ್ಜರ್ ಹಾಕಿದ್ದಾಗಲೇ ಇಂಟರ್‌ಫೇಸಿನ ಲೋಹದ ಮೈಯ ಮೇಲೆ ಕೈ ಇಟ್ಟರೆ ಸದ್ದು ಕುಗ್ಗುತ್ತಿತ್ತು. ಇಷ್ಟಾದ ಮೇಲೆ ಅರ್ಥಿಂಗ್ ಮೇಲಲ್ಲದೆ ಬೇರೆ ಯಾವುದರ ಮೇಲೂ ಸಂಶಯ ಪಡಬೇಕಾಗಿರಲಿಲ್ಲ. ಅವರ ಮನೆಗೆ ಖಾಯಂ ಬರುವ ಎಲೆಕ್ಟ್ರಿಷಿಯನ್ ಬಂದು ಮೇನ್ ಆಫ್ ಮಾಡಿ ಸ್ವಿಚ್ ಬೋರ್ಡ್ ಬಿಚ್ಚಿದರು. ಹಸಿರು ತಂತಿ ಪೈಪಿನಿಂದ ಬಾಕ್ಸಿನವರೆಗೆ ಬಂದಿತ್ತು. ಆದರೆ ತುದಿಯನ್ನು ಸುಲಿದಿರಲೂ ಇಲ್ಲ, ಮಡಚಿ ಮೂಲೆಗೆ ತುರುಕಿದ್ದರು. ಸಾಕೆಟ್ಟಿನ ಮೂರನೆಯ ದೊಡ್ಡ ತೂತಿನ ಹಿಂದೆ ಏನೂ ಇರಲಿಲ್ಲ. ಆ ತಂತಿಯನ್ನು ಸ್ಕ್ರೂ ಮಾಡಿದ ಮೇಲೆ ಗುಂಯ್ ಸದ್ದು ಪೂರ್ತಿ ಹೋಯಿತು.

ಆಗುವುದು ಇಷ್ಟೆ. ಮೂರು ಪಿನ್ನಿನ ಚಾರ್ಜರಿನೊಳಗೆ ವಿದ್ಯುತ್ತಿನ ಗದ್ದಲವನ್ನು ಅರ್ಥಿಗೆ ಇಳಿಸಲೆಂದು ಪುಟ್ಟ ಕೆಪಾಸಿಟರುಗಳಿರುತ್ತವೆ. ಇಳಿಯಲು ಅರ್ಥೇ ಇಲ್ಲದಿದ್ದರೆ ಆ ಸೋರಿಕೆ ಲ್ಯಾಪ್‌ಟಾಪಿನ ಮೈಗೆ, ಅಲ್ಲಿಂದ ಯುಎಸ್‌ಬಿ ಕೇಬಲ್ಲಿಗೆ, ಅಲ್ಲಿಂದ ಇಂಟರ್‌ಫೇಸಿಗೆ ಹರಿದು ಬರುತ್ತದೆ. ಲ್ಯಾಪ್‌ಟಾಪ್ ಮುಟ್ಟಿದಾಗ ಬೆರಳಿಗೆ ಜುಮ್ ಎನ್ನುವುದೂ ಇದೇ ಕಾರಣಕ್ಕೆ. ರೆಕಾರ್ಡಿಂಗಿನ ಮಾತು ಹಾಗಿರಲಿ, ಇದು ಮನೆಯವರ ಜೀವದ ಪ್ರಶ್ನೆ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ನೋಡಿದರೆ ಫೇಸ್ ಮತ್ತು ಅರ್ಥ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಮಾತ್ರ ತೋರಿಸಬೇಕು. ದಯವಿಟ್ಟು ಈ ಕೆಲಸವನ್ನು ತಿಳಿದವರಿಂದಲೇ ಮಾಡಿಸಿ. "ಅರ್ಥ್ ಪಿನ್ ಕತ್ತರಿಸಿ ಹಾಕಿ, ಸದ್ದು ಹೋಗುತ್ತದೆ" ಎಂದು ಸಲಹೆ ಕೊಡುವವರಿದ್ದಾರೆ. ಅವರ ಮಾತನ್ನು ಯಾವ ಕಾರಣಕ್ಕೂ ಕೇಳಬೇಡಿ.

ಎಲ್ಲ ಸದ್ದೂ ಅರ್ಥಿಂಗಿನದ್ದಲ್ಲ. ಮೌಸ್ ಸರಿಸಿದಾಗ, ಪರದೆ ಉರುಳಿಸಿದಾಗ ಚಿರ್ ಎಂದು ಬದಲಾಗುವ ಸದ್ದು ಕಂಪ್ಯೂಟರಿನೊಳಗಿನಿಂದ ಬರುವಂಥದ್ದು. ಬೇರೆ ಪೋರ್ಟಿಗೆ ಹಾಕಿ ನೋಡಬೇಕು. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಅರ್ಧಕ್ಕಿಟ್ಟಾಗ ಬರುವ ಜೀರುಂಡೆಯಂಥ ಸದ್ದು ಫ್ಯಾನ್ ಆಫ್ ಮಾಡಿದ ಕೂಡಲೇ ನಿಲ್ಲುತ್ತದೆ. ಕರೆಂಟು ಹೋದಾಗ ಮಾತ್ರ ಒರಟು ಸದ್ದು ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಕೊಡುಗೆ. ಹೀಗೆ ಒಂದೊಂದನ್ನೇ ಆಫ್ ಮಾಡುತ್ತಾ ಕಿವಿಗೊಟ್ಟು ಕೇಳಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದೇ ಇಲ್ಲ.

ಇನ್ನು ಕೇಬಲ್. ಇಂಟರ್‌ಫೇಸಿನ ದೀಪ ಉರಿಯುತ್ತದೆ, ಆದರೆ ಕಂಪ್ಯೂಟರಿಗೆ ಅದು ಕಾಣಿಸುವುದೇ ಇಲ್ಲ ಎಂದರೆ ಮೊದಲು ಕೇಬಲ್ ಬದಲಿಸಿ. ಮೊಬೈಲ್ ಚಾರ್ಜಿಂಗಿಗೆಂದು ಸಿಗುವ ಅಗ್ಗದ ಕೇಬಲ್ಲುಗಳಲ್ಲಿ ಕೆಲವಕ್ಕೆ ಡೇಟಾ ತಂತಿಗಳೇ ಇರುವುದಿಲ್ಲ, ಕರೆಂಟು ಮಾತ್ರ ಹರಿಯುತ್ತದೆ. ಪೋರ್ಟಿನ ಶಕ್ತಿಗೂ ಮಿತಿಯಿದೆ: ಯುಎಸ್‌ಬಿ 2.0 ಪೋರ್ಟ್ 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್ ಕೊಡಬಲ್ಲದು. ಅಷ್ಟರಲ್ಲೇ ಇಂಟರ್‌ಫೇಸ್ ತಾನೂ ನಡೆಯಬೇಕು, ಕರೆಂಟು ಬೇಡುವ ಕಂಡೆನ್ಸರ್ ಮೈಕಿಗೆ ಅದರ ಕೇಬಲ್ಲಿನಲ್ಲೇ ಹರಿಯುವ 48 ವೋಲ್ಟಿನ ಫ್ಯಾಂಟಮ್ ಪವರನ್ನೂ ಹುಟ್ಟಿಸಿ ಕೊಡಬೇಕು. ಆ 5 ವೋಲ್ಟನ್ನು ಪೆನ್‌ಡ್ರೈವ್, ಮೌಸ್, ಕೀಬೋರ್ಡ್ ಎಲ್ಲವೂ ಜೋತುಬಿದ್ದ ಯುಎಸ್‌ಬಿ ಹಬ್‌ನಿಂದ (ಒಂದು ಪೋರ್ಟನ್ನು ಹಲವಾಗಿಸುವ ಸಾಧನ) ಎಳೆದುಕೊಂಡರೆ, ಎರಡನೆಯ ಮೈಕಿನ ಫ್ಯಾಂಟಮ್ ಹಾಕಿದ ಕ್ಷಣ ಇಂಟರ್‌ಫೇಸ್ ಕಂಪ್ಯೂಟರಿನಿಂದ ಮಾಯವಾದರೆ ಆಶ್ಚರ್ಯವೇನಿದೆ? ಇಂಟರ್‌ಫೇಸನ್ನು ಯಾವಾಗಲೂ ಲ್ಯಾಪ್‌ಟಾಪಿನ ಪೋರ್ಟಿಗೇ ನೇರವಾಗಿ ಹಾಕಿ. ಅಂದ ಹಾಗೆ ಈ 48 ವೋಲ್ಟಿಗೂ ಒಂದು ಕಥೆಯಿದೆ. 1966ರಲ್ಲಿ ಜರ್ಮನಿಯ ನಾಯ್‌ಮನ್ ಕಂಪನಿ ನಾರ್ವೆಯ ರೇಡಿಯೋಕ್ಕಾಗಿ ಮೈಕ್ ಮಾಡಿಕೊಟ್ಟಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ಸರಬರಾಜು ಮೊದಲೇ ಇತ್ತು. ಅದನ್ನೇ ಬಳಸಿಕೊಂಡರು. ಇಂದು ನಮ್ಮ ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆಯೂ ಅದೇ ಲೆಕ್ಕವನ್ನು ಪಾಲಿಸುತ್ತಿದೆ.

ಪಿಟೀಲು, ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಪಿಕಪ್ ಬಳಸುವವರಿಗೆ ಒಂದು ಮಾತು. ನಾದ ಸೊರಗಿ, ಕೆಳಗಿನ ತಂತಿಗಳ ತೂಕವೇ ಕೇಳದಿದ್ದರೆ ಇನ್ಸ್ಟ್ರುಮೆಂಟ್ ಎಂದು ಬರೆದಿರುವ ಗುಂಡಿಯನ್ನು ಒತ್ತಿದ್ದೀರಾ ನೋಡಿ. ಆ ಬಗೆಯ ಪಿಕಪ್ಪಿಗೆ ಸುಮಾರು 10 ಲಕ್ಷ ಓಮ್ ಪ್ರತಿರೋಧವಿರುವ ಇನ್‌ಪುಟ್ ಬೇಕು. ಆ ಗುಂಡಿ ಒತ್ತದಿದ್ದಾಗಿನ ಲೈನ್ ಇನ್‌ಪುಟ್ಟಿನದು ಅದಕ್ಕಿಂತ ಎಷ್ಟೋ ಕಡಿಮೆ. ವಾದ್ಯದ ತಪ್ಪೂ ಇಲ್ಲ, ನುಡಿಸುವವರ ತಪ್ಪೂ ಇಲ್ಲ.

ಸಾಫ್ಟ್‌ವೇರಿನಲ್ಲಿ ಗಾಯಕರನ್ನು ಅತಿಯಾಗಿ ಕಾಡುವುದು ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದು ಬರೆದುಕೊಳ್ಳುತ್ತದೆ ಎಂಬ ಲೆಕ್ಕ. 44,100ರಲ್ಲಿ ರೆಕಾರ್ಡ್ ಆದದ್ದು 48,000ರ ವೇಗದಲ್ಲಿ ನುಡಿದರೆ ಇಡೀ ಹಾಡು ಸುಮಾರು ಒಂದೂವರೆ ಸ್ವರಸ್ಥಾನ ಮೇಲಕ್ಕೆ ಹೋಗುತ್ತದೆ, ಲಯವೂ ಅಷ್ಟೇ ಓಡುತ್ತದೆ. ತಂಬೂರಿಯ ಟ್ರ್ಯಾಕ್ ಒಂದು ಕಡೆ, ಧ್ವನಿ ಇನ್ನೊಂದು ಕಡೆ. ವರ್ಷಗಟ್ಟಲೆ ಸಾಧನೆ ಮಾಡಿದವರು ತಮ್ಮ ಗಂಟಲನ್ನೇ ಅನುಮಾನಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ವಿಂಡೋಸಿನಲ್ಲಿ, ಇಂಟರ್‌ಫೇಸಿನ ಕಂಟ್ರೋಲ್ ಪ್ಯಾನೆಲಿನಲ್ಲಿ, ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ, ಮೂರೂ ಕಡೆ ಒಂದೇ ಸಂಖ್ಯೆ ಇಡಿ.

ಪಟಪಟ ಎಂದು ಸಿಡಿಯುವ ಸದ್ದು ಬಂದರೆ ಬಫರ್ ನೋಡಬೇಕು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಂಡು ಸಂಸ್ಕರಿಸುವ ಧ್ವನಿಯ ತುಣುಕು. 48,000ದ ಲೆಕ್ಕದಲ್ಲಿ 128 ಸ್ಯಾಂಪಲ್ ಎಂದರೆ 2.7 ಮಿಲಿಸೆಕೆಂಡ್, 1024 ಎಂದರೆ 21 ಮಿಲಿಸೆಕೆಂಡ್. ಬಫರ್ ಚಿಕ್ಕದಾದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ, ದೊಡ್ಡದಾದರೆ ಹಾಡುಗಾರರಿಗೆ ತಮ್ಮ ಧ್ವನಿಯೇ ತಡವಾಗಿ ಕೇಳಿ ತಾಳ ತಪ್ಪುತ್ತದೆ. ಹಾಡುವಾಗ ಚಿಕ್ಕದು, ಮಿಕ್ಸ್ ಮಾಡುವಾಗ ದೊಡ್ಡದು. ವಿಂಡೋಸಿನವರು ತಯಾರಕರ ಜಾಲತಾಣದಿಂದ ಅವರದೇ ಎಎಸ್‌ಐಒ ಡ್ರೈವರ್ (ಧ್ವನಿಯನ್ನು ಕಡಿಮೆ ತಡದಲ್ಲಿ ಸಾಗಿಸುವ ತಂತ್ರಾಂಶ) ಹಾಕಿಕೊಳ್ಳಿ, ರೆಕಾರ್ಡಿಂಗ್ ಹೊತ್ತಿನಲ್ಲಿ ವೈಫೈ ಆಫ್ ಮಾಡಿ. ಇಲ್ಲೊಂದು ಸೂಕ್ಷ್ಮವಿದೆ: ಗುಂಯ್ ಸದ್ದಿಗೆ ಹೆದರಿ ಚಾರ್ಜರ್ ಕಿತ್ತವರಿಗೆ ಸಿಡಿಯುವ ಸದ್ದು ಶುರುವಾಗಬಹುದು. ಬ್ಯಾಟರಿಗೆ ಬಂದ ಕೂಡಲೇ ಲ್ಯಾಪ್‌ಟಾಪ್ ತನ್ನ ವೇಗ ಇಳಿಸಿಕೊಳ್ಳುವುದೇ ಅದಕ್ಕೆ ಕಾರಣ. ಪವರ್ ಸೆಟ್ಟಿಂಗನ್ನು ಪೂರ್ಣ ವೇಗಕ್ಕೆ ಇಟ್ಟರೆ ಎರಡೂ ಕಾಟ ತಪ್ಪುತ್ತದೆ.

ಇಂಟರ್‌ಫೇಸಿನ ಮೇಲಿನ ಧ್ವನಿಮಟ್ಟದ ಮೀಟರ್ ಕುಣಿಯುತ್ತಿದೆ, ಸಾಫ್ಟ್‌ವೇರಿನಲ್ಲಿ ಮಾತ್ರ ಏನೂ ಬರುತ್ತಿಲ್ಲ ಎಂದರೆ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಮೈಕ್ರೋಫೋನ್ ಅನುಮತಿ ಕೊಟ್ಟಿಲ್ಲವೇನೋ. ಧ್ವನಿ ಎಡಕಿವಿಗೆ ಮಾತ್ರ ಬಂದರೆ ಟ್ರ್ಯಾಕನ್ನು ಮೋನೋ ಮಾಡಿ. ಧ್ವನಿ ಎರಡೆರಡು ಸಲ ಕೇಳಿದರೆ ಡೈರೆಕ್ಟ್ ಮಾನಿಟರ್ (ಇಂಟರ್‌ಫೇಸಿನಿಂದ ನೇರವಾಗಿ ಕಿವಿಗೆ ಬರುವ ಧ್ವನಿ) ಮತ್ತು ಸಾಫ್ಟ್‌ವೇರಿನ ಮಾನಿಟರ್ ಎರಡೂ ಆನ್ ಆಗಿವೆ, ಒಂದನ್ನು ಆಫ್ ಮಾಡಿ.

ನನಗೆ ಬೇಸರ ತರಿಸುವುದು ಇಷ್ಟೆಲ್ಲ ಸರಳ ಸಂಗತಿಗಳು ಕನ್ನಡದಲ್ಲಿ ಒಂದೆಡೆ ಸಿಗದಿರುವುದು. ಸಿಗುವ ವೀಡಿಯೋಗಳಲ್ಲಿ ಬಹುಪಾಲು ಹೊಸ ಮಾದರಿಯ ಗುಣಗಾನವೇ. ಹಳೆಯದನ್ನು ಸರಿಯಾಗಿ ನಡೆಸುವುದು ಹೇಗೆಂದು ಹೇಳುವವರಿಗೆ ಕಮಿಷನ್ ಸಿಗುವುದಿಲ್ಲ. ಸಣ್ಣ ಸಂಬಳದಲ್ಲಿ ಉಳಿಸಿ ಒಂದು ಇಂಟರ್‌ಫೇಸ್ ಕೊಂಡ ಹುಡುಗಿಗೆ "ಇದು ಎಂಟ್ರಿ ಲೆವೆಲ್, ಇದಕ್ಕೆ ಇಷ್ಟೇ" ಎಂದು ಹೇಳಿ ಕಳಿಸುವ ಅಂಗಡಿಯವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಇಂದಿನ ಅಗ್ಗದ 24 ಬಿಟ್ ಇಂಟರ್‌ಫೇಸಿನಲ್ಲೂ ಧ್ವನಿ ಅತಿ ಜೋರಾದಾಗಿನ ಶಿಖರ ಮಟ್ಟವನ್ನು ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಸುತ್ತ ಇಟ್ಟುಕೊಂಡು ಹಾಡಿದರೆ ಬಿಡುಗಡೆ ಮಾಡುವಷ್ಟು ಶುದ್ಧವಾದ ಧ್ವನಿ ಸಿಗುತ್ತದೆ.

ಇಂಟರ್‌ಫೇಸ್ ನಿಜವಾಗಿಯೂ ಕೆಡುವುದೇ ಇಲ್ಲವೇ? ಕೆಡುತ್ತದೆ. ಬೇರೆ ಕೇಬಲ್, ಬೇರೆ ಕಂಪ್ಯೂಟರ್, ಬೇರೆ ಮನೆ, ಮೂರರಲ್ಲೂ ಅದೇ ದೋಷ ಕಂಡರೆ ಆಗ ಇಂಟರ್‌ಫೇಸಿನದೇ ತಪ್ಪು. ವಾರಂಟಿ ಇದ್ದರೆ ಬಿಚ್ಚದೆ ಕಳಿಸಿ. ಮುಗಿದಿದ್ದರೆ ಹಿಂಬದಿಯ ಯುಎಸ್‌ಬಿ ಸಾಕೆಟನ್ನು ಮೆಲ್ಲಗೆ ಅಲುಗಾಡಿಸಿ ನೋಡಿ. ಸಂಪರ್ಕ ಹೋಗಿ ಬಂದು ಮಾಡಿದರೆ ಬೆಸುಗೆ ಬಿಟ್ಟಿದೆ ಎಂದೇ ಅರ್ಥ. ಮೊಬೈಲ್ ರಿಪೇರಿ ಮಾಡುವ ಯಾವ ಒಳ್ಳೆಯ ಕೈಯಾದರೂ ಅದನ್ನು ಮತ್ತೆ ಬೆಸೆದು ಕೊಡುತ್ತದೆ. ನಿಮ್ಮ ಇಂಟರ್‌ಫೇಸಿನ ತೊಂದರೆ ಮೇಲೆ ಹೇಳಿದ ಯಾವುದಕ್ಕೂ ಸೇರದಿದ್ದರೆ ಇಲ್ಲೇ ಕೆಳಗೆ ಬರೆಯಿರಿ. ಚಾರ್ಜರ್ ಕಿತ್ತಾಗ ಏನಾಯಿತು ಎಂಬುದನ್ನು ಮರೆಯದೆ ಸೇರಿಸಿ.