ಹದಿನಾರು ನಟ್ಟಿಗೊಂದು ಗನ್ನು

ಮಂಡಗದ್ದೆಯಲ್ಲಿ ಹಕ್ಕಿ ನೋಡಲು ಜನ ಕಾರು ನಿಲ್ಲಿಸುತ್ತಾರೆ. ನಾನು ನಿಲ್ಲಿಸಿದ್ದು ಪಂಕ್ಚರ್ ಆಗಿ. ಜುಲೈ ತಿಂಗಳು. ಪಕ್ಕದಲ್ಲಿ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು, ಮೇಲಿಂದ ಮಳೆ ಬಿಡುವಿಲ್ಲದೆ ಸುರಿಯುತ್ತಿತ್ತು. ತೀರ್ಥಹಳ್ಳಿಯ ಮಾವನ ಮನೆಗೆ ಹೊರಟಿದ್ದೆವು. ಸ್ಟೆಪ್ನಿ ಇತ್ತು, ಜಾಕಿ ಇತ್ತು, ಧೈರ್ಯವೂ ಇತ್ತು. ನಟ್ಟು ಮಾತ್ರ ಬರಲಿಲ್ಲ.

ಕೈಯಲ್ಲಿ ಒತ್ತಿದೆ. ಕಾಲಲ್ಲಿ ಒದ್ದೆ. ಕೊನೆಗೆ ನಟ್ಟು ತಿರುಗಿಸುವ ಪಾನದ ಮೇಲೆ ಹತ್ತಿಯೇ ನಿಂತೆ. ನಟ್ಟು ಅಲುಗಲಿಲ್ಲ, ಪಾನ ಜಾರಿತು, ನಾನು ಕೆಸರಲ್ಲಿ ಮಂಡಿಯೂರಿದೆ. ಹೆಂಡತಿ ಕಾರಿನ ಗಾಜನ್ನು ಎರಡು ಇಂಚು ಇಳಿಸಿ, "ರೀ, ಆ ಕಡೆ ತಿರುಗಿಸಬೇಕಲ್ವಾ?" ಎಂದಳು.

"ಯಾವ ಕಡೆ ಅಂತ ನಂಗೊತ್ತು" ಎಂದೆ. ಗಾಜು ಮೇಲೇರಿತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೊಬ್ಬರದ ಮೂಟೆ ಹೇರಿಕೊಂಡು ಬಂದ ಪಿಕಪ್ಪಿನಿಂದ ಇಬ್ಬರು ಹುಡುಗರು ಇಳಿದರು. ಒಬ್ಬ ಸೀಟಿನಡಿಯಿಂದ ಮೂರು ಅಡಿ ಉದ್ದದ ಕಬ್ಬಿಣದ ಪೈಪು ತೆಗೆದು ನನ್ನ ಪಾನದ ಬಾಲಕ್ಕೆ ತೂರಿಸಿ, ಒಂದೇ ಕೈಯಲ್ಲಿ ಒತ್ತಿದ. ಕಿರ್ರ್ ಅಂತ ನಟ್ಟು ಶರಣಾಯಿತು. "ಎಂತ ಸರ್, ಗನ್ನಲ್ಲಿ ಟೈಟ್ ಮಾಡ್ಸಿದ್ರಾ?" ಎಂದು ಕೇಳಿದ. ಹೌದು. ಬೇಸಿಗೆಯಲ್ಲಿ ಟೈರು ಹಾಕಿಸುವಾಗ ಅಂಗಡಿಯ ಹುಡುಗ ಗಾಳಿ ಗನ್ನಿನಲ್ಲಿ ಟರ್ರ್ರ್ ಅಂತ ಬಿಗಿದಿದ್ದ. ಆ ಸದ್ದು ಕೇಳಿ ನಾನು ಎಷ್ಟು ಖುಷಿಪಟ್ಟಿದ್ದೆ ಅಂದರೆ, ಹತ್ತು ರೂಪಾಯಿ ಜಾಸ್ತಿ ಕೊಟ್ಟಿದ್ದೆ.

ಆವತ್ತು ರಾತ್ರಿ ಮಾವನ ಮನೆಯಲ್ಲಿ ಕಷಾಯ ಕುಡಿಯುತ್ತಾ ಘೋಷಿಸಿದೆ: "ನಾನೊಂದು ಗನ್ ತಗೊಳ್ತೀನಿ."

ಮಾವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ಎಂತಕ್ಕೆ ಮಾರಾಯ್ರೆ, ಶಿವಮೊಗ್ಗದಲ್ಲೂ ಮಂಗನ ಕಾಟವಾ? ಲೈಸೆನ್ಸ್ ಆಗೂದು ಭಾರೀ ಕಷ್ಟ. ಆದ್ರೂ ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಕೊಟ್ಟು ಬರ್ಬೇಕು."

ಕೋವಿಯಲ್ಲ ಮಾವ, ಇಂಪ್ಯಾಕ್ಟ್ ರೆಂಚು, ನಟ್ಟು ಬಿಚ್ಚುವ ಮಿಷನ್ನು ಎಂದು ವಿವರಿಸಿದೆ. ಅವರಿಗೆ ಕೋವಿಯೇ ವಾಸಿ ಅನ್ನಿಸಿದ ಹಾಗಿತ್ತು.

ಶಿವಮೊಗ್ಗಕ್ಕೆ ವಾಪಸ್ ಬಂದ ಮೇಲೆ ನನ್ನ ಸಂಶೋಧನೆ ಶುರುವಾಯಿತು. ಹುಡುಗಿ ನೋಡುವಾಗಲೂ ನಾನು ಇಷ್ಟು ವಿಚಾರಿಸಿರಲಿಲ್ಲ. ಈ ಮಿಷನ್ನುಗಳ ಯೋಗ್ಯತೆಯನ್ನೆಲ್ಲ, ಅಂದರೆ ತಿರುಗಿಸುವ ಬಲವನ್ನು, ನ್ಯೂಟನ್ ಮೀಟರಿನಲ್ಲಿ ಹೇಳುತ್ತಾರೆ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಮೀಟರ್ ಉದ್ದದ ಕೋಲಿನ ಒಂದು ತುದಿ ನಟ್ಟಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಹತ್ತು ಕೆಜಿ ಅಡಿಕೆಯ ಚೀಲ ನೇತುಹಾಕಿದರೆ ಸುಮಾರು 100 ನ್ಯೂಟನ್ ಮೀಟರ್. ನನ್ನ ಕಾರಿನ ಪುಸ್ತಕದಲ್ಲಿ ಚಕ್ರದ ನಟ್ಟಿಗೆ ಬೇಕಾದ ಬಿಗಿ 85 ಎಂದು ಬರೆದಿದೆ. ಅಂದರೆ ಎಂಟೂವರೆ ಕೆಜಿ ಅಡಿಕೆ. ನಾನು 72 ಕೆಜಿಯವನು, ಮಂಡಗದ್ದೆಯಲ್ಲಿ ಒಂದು ಅಡಿ ಪಾನದ ತುದಿಯಲ್ಲಿ ನಿಂತಾಗ 200 ದಾಟಿದ್ದೆ. ಆದರೂ ಬಂದಿರಲಿಲ್ಲ. ಟೈರ್ ಅಂಗಡಿಯ ಹುಡುಗ ಬಿಗಿದದ್ದು ಅರ್ಧ, ಮಲೆನಾಡಿನ ಮಳೆ ತುಕ್ಕು ಹಿಡಿಸಿ ಬಿಗಿದದ್ದು ಇನ್ನರ್ಧ.

ಹಾಗಾದರೆ ಎಷ್ಟರ ಮಿಷನ್ ಬೇಕು? 300 ಸಾಕು ಅನ್ನಿಸಿತು. ಮಾರನೇ ದಿನ 450 ಕಾಣಿಸಿತು. ಆಮೇಲೆ ಸಾವಿರದ್ದು ಕಣ್ಣಿಗೆ ಬಿತ್ತು. ಲಾರಿ ನನ್ನ ಹತ್ತಿರ ಇಲ್ಲ, ಮುಂದೆ ಕೊಳ್ಳುವ ಅಂದಾಜೂ ಇಲ್ಲ. ಆದರೂ ಸಾವಿರದ್ದು ಇದ್ದರೆ ಒಳ್ಳೇದಲ್ವಾ ಅಂತ ಮನಸ್ಸು ಪಿಸುಗುಟ್ಟತೊಡಗಿತು.

ಜಾತಿಗಳೂ ಹಲವು. ಗಾಳಿಯದಾದರೆ ಕಂಪ್ರೆಸರ್ ಬೇಕು. ಅದನ್ನು ಎಲ್ಲಿ ಇಡುವುದು ಎಂದು ಅಳತೆ ಟೇಪು ಹಿಡಿದು ಮನೆಯೆಲ್ಲ ಓಡಾಡಿದೆ. ಫ್ರಿಜ್ಜಿನ ಪಕ್ಕದಲ್ಲಿ ಅಳೆಯುತ್ತಿದ್ದಾಗ ಹೆಂಡತಿ ನೋಡಿದಳು. ಆ ವಿಷಯ ಅಲ್ಲಿಗೆ ಮುಗಿಯಿತು. ವೈರಿನದು ಅಗ್ಗ, ಆದರೆ ಮಂಡಗದ್ದೆಯ ರಸ್ತೆ ಬದಿಯಲ್ಲಿ ಪ್ಲಗ್ಗು ಎಲ್ಲಿ ಚುಚ್ಚಲಿ? ಮಳೆಗಾಲದಲ್ಲಿ ಮನೆಯಲ್ಲೇ ಕರೆಂಟು ಇರುವುದಿಲ್ಲ. ಉಳಿದದ್ದು ಬ್ಯಾಟರಿಯದು.

ಅದರಲ್ಲೂ ಮೋಸಗಳಿವೆ. ಒಂದರ ಮೈಮೇಲೆ 128 ವಿಎಫ್ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. 128 ವೋಲ್ಟು! ನಾನು ಮರುಳಾಗಿಯೇ ಬಿಟ್ಟಿದ್ದೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನಮ್ಮ ಕಾರು ನೋಡುವ ಮೇಸ್ತ್ರಿಗೆ ಫೋಟೋ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು. "ಒಳಗೆ ಐದು ಸೆಲ್ ಇರ್ತವೆ ಸರ್. ಫುಲ್ ಚಾರ್ಜಿಗೆ ಒಂದೊಂದಕ್ಕೆ ನಾಲ್ಕು ಚಿಲ್ರೆ ವೋಲ್ಟು. ಗುಣಿಸಿ." ಗುಣಿಸಿದೆ. 21 ಬಂತು. ಉಳಿದ 107 ವೋಲ್ಟು ಬರೀ ಬಣ್ಣದ್ದು. 18 ಮತ್ತು 20 ಅಂತ ಬರೆದವೂ ಅದೇ ಐದು ಸೆಲ್ಲಿನವೇ ಅಂತೆ, ಒಬ್ಬರು ಸಾಧಾರಣ ಹೊತ್ತಿನದ್ದು ಬರೆಯುತ್ತಾರೆ, ಇನ್ನೊಬ್ಬರು ಹೊಟ್ಟೆ ತುಂಬಿದ ಹೊತ್ತಿನದ್ದು.

"ಅಲ್ಲ ಸರ್, ನಿಮ್ಮ ಕಾರಲ್ಲಿ ಒಟ್ಟು ಎಷ್ಟು ನಟ್ಟು?"

"ಚಕ್ರಕ್ಕೆ ನಾಲ್ಕು. ಹದಿನಾರು."

"ವರ್ಷಕ್ಕೆ ಎಷ್ಟು ಸಲ ಬಿಚ್ತೀರಿ?"

ಫೋನ್ ಬಂದ ಹಾಗೆ ಮಾಡಿ ಎದ್ದು ಬಂದೆ.

ಮೂರನೇ ವಾರ ಅರ್ಧ ಇಂಚು ಮೂತಿಯ, 18 ವೋಲ್ಟಿನ, 400 ಚಿಲ್ಲರೆ ನ್ಯೂಟನ್ ಮೀಟರಿನದೊಂದನ್ನು ತರಿಸಿದೆ. ಬೇರೆ ಕಡೆಗಿಂತ ಬಹಳ ಅಗ್ಗಕ್ಕೆ ಸಿಕ್ಕಿತ್ತು. ಪೆಟ್ಟಿಗೆ ಬಿಚ್ಚಿದರೆ ಮಿಷನ್ ಒಂದೇ ಇತ್ತು. ಬ್ಯಾಟರಿ ಇಲ್ಲ, ಚಾರ್ಜರ್ ಇಲ್ಲ. 'ಬೇರ್ ಟೂಲ್' ಅಂತ ಬರೆದಿದ್ದನ್ನು ನಾನು ಏನೋ ಮಾಡೆಲ್ಲಿನ ಹೆಸರು ಅಂದುಕೊಂಡಿದ್ದೆ. ಬ್ಯಾಟರಿ, ಚಾರ್ಜರ್ ಎರಡೂ ಸೇರಿ ಮಿಷನ್ನಿನಷ್ಟೇ ರೇಟು. ಆನೆ ಕೊಂಡು ಅಂಕುಶಕ್ಕೆ ಅಲೆದ ಹಾಗಾಯಿತು. ಅವು ಬರುವ ತನಕ ಒಂದು ವಾರ ಮಿಷನ್ನನ್ನು ಸುಮ್ನೆ ಕೈಯಲ್ಲಿ ಹಿಡಿದು ಕುರ್ಚಿಯ ಸ್ಕ್ರೂಗಳಿಗೆ ಗುರಿಯಿಟ್ಟು ನೋಡುತ್ತಿದ್ದೆ.

ಭಾನುವಾರ ಪೋರ್ಟಿಕೋದಲ್ಲಿ ಉದ್ಘಾಟನೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿಗೆ ಒರಗಿ ನಿಂತರು. ಅವರಿಗೆ ಅರ್ಧ ಗಂಟೆ ಪಾಠ ಮಾಡಿದೆ. ಈ ಮಿಷನ್ ಸುಮ್ನೆ ತಿರುಗಿಸುವುದಿಲ್ಲ ಸರ್. ಒಳಗೊಂದು ಸುತ್ತಿಗೆ, ಒಂದು ಅಡಿಗಲ್ಲು ಇವೆ, ಕಮ್ಮಾರನ ಸಾಲೆಯ ಹಾಗೆ. ನಟ್ಟು ಹಟ ಹಿಡಿದರೆ ಸುತ್ತಿಗೆ ಸ್ಪ್ರಿಂಗಿನಿಂದ ಹಿಂದೆ ಸರಿದು ಬಂದು ಬಡಿಯುತ್ತದೆ, ನಿಮಿಷಕ್ಕೆ ಸಾವಿರಾರು ಏಟು. ಅದಕ್ಕೇ ಕೈಗೆ ಅಷ್ಟಾಗಿ ತಿರುಚು ಬರುವುದಿಲ್ಲ. ನಟ್ಟಿನ ಮೇಲೆ ಕೂರುವ ಸಾಕೆಟ್ಟು ಕೂಡ ಇಂಪ್ಯಾಕ್ಟಿಗೆಂದೇ ಮಾಡಿದ ಕಪ್ಪು ಬಣ್ಣದ್ದೇ ಬೇಕು, ಪಳಪಳ ಹೊಳೆಯುವುದು ಈ ಏಟಿಗೆ ಸೀಳಿ ಚೂರು ಮುಖಕ್ಕೆ ಹಾರಬಹುದು. ಮೇಷ್ಟ್ರು ತಲೆದೂಗಿ, ಎರಡು ಹೆಜ್ಜೆ ಹಿಂದೆ ಹೋದರು.

ಸಾಕೆಟ್ಟು ಕೂರಿಸಿ ಗುಂಡಿ ಒತ್ತಿದೆ. ಗುರ್ರ್, ಟಕಟಕಟಕಟಕ. ಆಹಾ! ನಟ್ಟು ಬರಲಿಲ್ಲ. ಇನ್ನೂ ಒತ್ತಿದೆ. ಟಕಟಕಟಕ. ಬೀದಿ ನಾಯಿ ಓಡಿಹೋಯಿತು. ಕಿಟಕಿಯಿಂದ ಹೆಂಡತಿಯ ದನಿ ಬಂತು: "ರೀ, ಆ ಕಡೆ ತಿರುಗಿಸಬೇಕಲ್ವಾ?"

"ಗೊತ್ತು!" ಎಂದು ಕೂಗಿ, ಹಟಕ್ಕೆ ಬಿದ್ದು ಗುಂಡಿಯನ್ನು ಪೂರ್ತಿ ಅದುಮಿದೆ. ಟಪ್ ಅಂತ ಸದ್ದಾಯಿತು. ಮಿಷನ್ ಸುಯ್ಯೆಂದು ಹಗುರವಾಗಿ ತಿರುಗಿತು. ಬಂತು ಬಂತು ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು. ಸಾಕೆಟ್ಟಿನೊಳಗೆ ನಟ್ಟಿನ ಜೊತೆ ಬೋಲ್ಟಿನ ಅರ್ಧ ತುಂಡೂ ಬೆಚ್ಚಗೆ ಕೂತಿತ್ತು. ಮಿಷನ್ನಿನ ಕತ್ತಿನ ಹತ್ತಿರ ಬಿಚ್ಚುವುದಕ್ಕೆ ಒಂದು, ಬಿಗಿಯುವುದಕ್ಕೆ ಒಂದು ಅಂತ ಬಾಣದ ಗುರುತಿನ ಸ್ವಿಚ್ ಇರುತ್ತದೆ. ನಾನು ಅಷ್ಟು ಹೊತ್ತೂ ಬಿಗಿಯುತ್ತಿದ್ದೆ.

ಮೂರೇ ನಟ್ಟಿನ ಚಕ್ರದಲ್ಲಿ ನಿಧಾನಕ್ಕೆ ಆಟೋ ಕಾಂಪ್ಲೆಕ್ಸಿಗೆ ಹೋದೆ. ಮೇಸ್ತ್ರಿ ಏನೂ ಅನ್ನಲಿಲ್ಲ. ಮುರಿದ ಬೋಲ್ಟನ್ನು ಹಿಂದಕ್ಕೆ ಬಡಿದು ತೆಗೆದು ಹೊಸದು ಕೂರಿಸಿದರು. ನಟ್ಟುಗಳನ್ನು ಎದುರು ಬದುರು ಕೈಯಲ್ಲೇ ತಿರುಗಿಸಿ, ಕೊನೆಗೆ ಬೇಕಾದಷ್ಟು ಬಿಗಿಯಾದ ಕೂಡಲೇ ಸದ್ದು ಮಾಡುವ ಟಾರ್ಕ್ ರೆಂಚಿನಲ್ಲಿ ಟಿಕ್ ಅನ್ನಿಸಿದರು. "ಬಿಚ್ಚೋದಕ್ಕೆ ಮಾತ್ರ ಗನ್ನು ಸರ್, ಬಿಗಿಯೋದಕ್ಕೆ ಇದು" ಎಂದರು. ಪಕ್ಕದಲ್ಲಿದ್ದ ಹುಡುಗ ಗೋಡೆ ಕಡೆ ಮುಖ ಮಾಡಿ ನಗುತ್ತಿದ್ದ.

ಆಮೇಲೆ ಆ ಮಿಷನ್ನಿಗೆ ನಮ್ಮ ಮನೆಯಲ್ಲಿ ಕೆಲಸವಿರಲಿಲ್ಲ. ಭಾವಮೈದ ಬಂದವನು ಕೈಯಲ್ಲಿ ಹಿಡಿದು ನೋಡಿದ, "ಭಾವ, ಅಡಿಕೆ ಸುಲಿಯೋ ಮಿಷನ್ನಿಂದು ಎರಡು ಬೋಲ್ಟ್ ಬರ್ತಾ ಇಲ್ಲ, ಹೀಗೆ ಹೋಗಿ ಹಾಗೆ ತರ್ತೆ" ಎಂದ. ಎರಡು ಬೋಲ್ಟಾದ ಮೇಲೆ ಕಳೆ ಕತ್ತರಿಸುವ ಮಿಷನ್ನು, ಪಂಪ್‌ಸೆಟ್ಟು, ದನದ ಕೊಟ್ಟಿಗೆಯ ಶೀಟು. ಮಾವ ಅದನ್ನು ಕೋವಿಯ ಪಕ್ಕದ ಗೂಟಕ್ಕೇ ನೇತುಹಾಕಿಸಿದ್ದಾರೆ. ಬ್ಯಾಟರಿ ಮಾತ್ರ ನನ್ನ ಹತ್ತಿರ ಬಂದು ಹೋಗುತ್ತಿರುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಅವರಲ್ಲಿ ಮೂರು ದಿನ ಕರೆಂಟಿಲ್ಲ, ಚಾರ್ಜಿಗೆ ಶಿವಮೊಗ್ಗಕ್ಕೇ ಬರಬೇಕು.

ಮೊನ್ನೆ ಮತ್ತೆ ಪಂಕ್ಚರ್. ಗಾಜನೂರು ದಾಟಿ ಸ್ವಲ್ಪ ಮುಂದೆ, ಮತ್ತದೇ ಮಳೆ. ಭಾವಮೈದನಿಗೆ ಫೋನ್ ಮಾಡಿದೆ. ಅವನೂ ಮಿಷನ್ ಹಿಡಿದುಕೊಂಡೇ ನಿಂತಿದ್ದನಂತೆ.

"ಭಾವ, ಬ್ಯಾಟರಿ ತರ್ತಾ ಇದ್ದೀರಲ್ಲಾ? ಇಲ್ಲಿ ಶೀಟು ಅರ್ಧ ಬಿಚ್ಚಿಟ್ಟು ಕೂತಿದ್ದೇವೆ. ಕೊಟ್ಟಿಗೆ ಸೋರ್ತಾ ಉಂಟು."

ಡಿಕ್ಕಿ ತೆರೆದೆ. ಬ್ಯಾಟರಿ ಬಟ್ಟೆಯಲ್ಲಿ ಸುತ್ತಿ ಭದ್ರವಾಗಿತ್ತು. ಗುಂಡಿ ಒತ್ತಿದರೆ ನಾಲ್ಕೂ ಹಸಿರು ದೀಪ ಹತ್ತಿದವು. ಫುಲ್ ಚಾರ್ಜು. ಹಿಂದಿನಿಂದ ಕಾರಿನ ಗಾಜು ಇಳಿಯುವ ಸದ್ದಾಯಿತು.