ಹಾಕದ ವಿಷಕ್ಕೆ ರಸೀದಿ ಎಲ್ಲಿ?

ಹೊಲಕ್ಕೆ ವಿಷ ಹೊಡೆಯಬೇಕಾ? ಡಬ್ಬ ತನ್ನಿ, ಹೊಡೆಯಿರಿ. ಬೆಳೆ ಮಾರುವಾಗ ‘ಇದಕ್ಕೆ ಇಂಥಿಂಥದ್ದು ಹೊಡೆದಿದೆ’ ಅಂತ ಚೀಟಿ ಅಂಟಿಸುವ ಕಷ್ಟ ನಿಮಗಿಲ್ಲ.

ಹೊಡೆಯುವುದಿಲ್ಲವಾ? ಬೆಳೆಗೆ ‘ಸಾವಯವ’ ಅಂತ ಚೀಟಿ ಅಂಟಿಸಿ ಮಾರಬೇಕಾ? ಹಾಗಾದರೆ ಕೂತ್ಕೊಳ್ಳಿ, ಸ್ವಲ್ಪ ಮಾತಾಡುವುದಿದೆ.

ಬೀಜ ಎಲ್ಲಿಂದ ತಂದಿರಿ? ಗೊಬ್ಬರ ಯಾವ ಕೊಟ್ಟಿಗೆಯದು? ಹುಳ ಬಿದ್ದಾಗ ಏನು ಮಾಡಿದಿರಿ? ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ವರ್ಷಕ್ಕೊಮ್ಮೆ ತಪಾಸಣೆಯವರು ಬರುತ್ತಾರೆ. ಮಳೆಗೆ ನೆನೆದು ಶಾಯಿ ಹರಡಿದ ಹಾಳೆಯ ಮೇಲೇ ಅವರ ಬೆರಳು ನಿಲ್ಲುತ್ತದೆ. ಬೂಟಿನ ಪಕ್ಕದಲ್ಲೇ ಎರೆಹುಳ ಹರಿದಾಡುತ್ತಿರುತ್ತದೆ. ಏನು ಮಾಡುವುದು, ಅದಕ್ಕೆ ಸಹಿ ಹಾಕಲು ಬರಲ್ಲ. ತಪಾಸಣೆಯ ಶುಲ್ಕ ಯಾರದು ಅಂತೀರಾ? ವಿಷ ಹಾಕದವನದೇ.

ಇಷ್ಟಾದರೂ ಪ್ರಮಾಣಪತ್ರ ತಕ್ಷಣ ಸಿಗಲ್ಲ. ಮಣ್ಣು ‘ಪರಿವರ್ತನೆ’ ಆಗಬೇಕು, ಅಂದರೆ ರಾಸಾಯನಿಕದ ರೂಢಿ ಬಿಟ್ಟು ಸಾವಯವಕ್ಕೆ ಹೊಂದಿಕೊಳ್ಳಬೇಕು. ಹೆಚ್ಚಿನ ಕಡೆ ವಾರ್ಷಿಕ ಬೆಳೆಗೆ 2 ವರ್ಷ, ತೋಟದ ಬೆಳೆಗೆ 3. ಅಲ್ಲಿಯವರೆಗೆ ದುಡಿಮೆ ಸಾವಯವ, ಇಳುವರಿ ಕಮ್ಮಿ, ಬೆಲೆ ಮಾತ್ರ ಮಾಮೂಲಿ.

ಪಕ್ಕದ ಹೊಲದವರು ‘ಔಷಧಿ’ ಹೊಡೆದರೆ (ವಿಷಕ್ಕೆ ಎಷ್ಟು ಚಂದದ ಹೆಸರು, ಅಲ್ವಾ?) ಅದು ಗಾಳಿಗೆ ಬೇಲಿ ದಾಟಿ ಬರುತ್ತದೆ. ಅದಕ್ಕೆ ಅಂಚಿನಲ್ಲಿ ಒಂದು ಪಟ್ಟಿ ನೆಲ ಬಿಡಬೇಕು. ಹೊಡೆದವರಲ್ಲ, ಹೊಡೆಯದವನೇ! ಆ ಪಟ್ಟಿಯಲ್ಲಿ ಬೆಳೆದದ್ದನ್ನು ಸಾವಯವ ಅಂತ ಮಾರುವಂತಿಲ್ಲ.

ಸರ್ಕಾರಗಳಿಗೂ ಒಮ್ಮೊಮ್ಮೆ ಸಾವಯವದ ಹುಕಿ ಬರುತ್ತದೆ. 2021ರಲ್ಲಿ ಶ್ರೀಲಂಕಾ ರಾಸಾಯನಿಕ ಗೊಬ್ಬರದ ಆಮದನ್ನೇ ಏಕಾಏಕಿ ನಿಷೇಧಿಸಿತು. ಇಳುವರಿ ಕುಸಿಯಿತು, ರೈತರು ಬೀದಿಗಿಳಿದರು. ಅದೇ ವರ್ಷ ನವೆಂಬರಿನಲ್ಲಿ ನಿಷೇಧ ವಾಪಸ್. ತುಂಡು ಹೊಲಕ್ಕೆ 2-3 ವರ್ಷ ಬೇಕು ಅನ್ನುವ ಲೋಕದಲ್ಲಿ ಇಡೀ ದೇಶಕ್ಕೆ ಒಂದು ವರ್ಷವೂ ಸಿಗಲಿಲ್ಲ.

ಇಷ್ಟೆಲ್ಲ ಸಾಹಸ ಬೇಡ. ಪರಿವರ್ತನೆಯ ವರ್ಷಗಳ ನಷ್ಟ ತುಂಬಿಕೊಟ್ಟರೆ ಸಾಕು. ಕೊಳ್ಳುವವರೊಬ್ಬರು ಖಾತ್ರಿಯಾಗಿ ಇದ್ದರೆ ಇನ್ನೂ ಒಳ್ಳೆಯದು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರ ತನ್ನ ಸಾರ್ವಜನಿಕ ಅಡುಗೆಮನೆಗಳಿಗೆ 90% ಸಾವಯವದ ಗುರಿ ಇಟ್ಟುಕೊಂಡೇ ಕೊಂಡಿತು. ಅಲ್ಲಿ ಆಕಾಶವೇನೂ ಕಳಚಿ ಬೀಳಲಿಲ್ಲ.

ಶುಲ್ಕದ ವಿಷಯಕ್ಕೆ ನನ್ನದೊಂದು ಪುಕ್ಕಟೆ ಸಲಹೆ. ಒಂದೇ ಒಂದು ವರ್ಷ ಚೀಟಿಯನ್ನು ಅದಲು ಬದಲು ಮಾಡಿ ನೋಡಲಿ. ಹೊಡೆದವರು ಅರ್ಜಿ ಹಾಕಲಿ, ತಪಾಸಣೆಗೆ ದುಡ್ಡು ಕಟ್ಟಲಿ, ‘ವಿಷ ಹೊಡೆದ ಬೆಳೆ’ ಅಂತ ಚೀಟಿ ಅಂಟಿಸಿ ಮಾರಲಿ. ಶುಲ್ಕ ಮನ್ನಾದ ಆದೇಶ ಮರುದಿನ ಬೆಳಗ್ಗೆಯೇ ಹೊರಬೀಳುತ್ತದೆ.