ಶರಾವತಿಯ ನೀರಿನ ಮೇಲೆ ಸಿಕ್ಕ ಒಂದು ‘ಇಲ್ಲ’

ಅಜ್ಜನ ಗದ್ದೆ ಈಗಲೂ ಶರಾವತಿಯ ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನೀರು ಏರುತ್ತ ಬಂದಾಗ ಗದ್ದೆ, ತೋಟ, ಮನೆ ಎಲ್ಲವೂ ಹೋದವು. ಮುಳುಗಡೆಯಾದ ಮನೆತನದಲ್ಲಿ ಹುಟ್ಟಿದ ನನಗೆ ಹಿನ್ನೀರನ್ನು ಕಂಡಾಗಲೆಲ್ಲ ಮೊದಲು ನೆನಪಾಗುವುದು ಅದೇ. ಕೆಲವು ವರ್ಷಗಳಿಂದ ಅದರ ಬೆನ್ನಿಗೆ ಇನ್ನೊಂದು ಚಿತ್ರವೂ ಕಣ್ಣಿಗೆ ಕಟ್ಟುತ್ತದೆ. ಆ ವಿಶಾಲವಾದ ನೀರಿನ ಮೇಲೆ ಒಂದು ತೆಪ್ಪ. ತೆಪ್ಪದ ಮೇಲೆ ಲೋಹದ ದುಂಡನೆಯ ತಟ್ಟೆ. ತಟ್ಟೆಯ ನಡುವೆ, ಎಣ್ಣೆ ಸುರಿಯುವ ಆಲಿಕೆಯನ್ನು ನಿಲ್ಲಿಸಿದ ಹಾಗೆ, ಮೊನೆ ಕೆಳಗಾಗಿ ನಿಂತ ಲೋಹದ ಶಂಕು.

ಅದೊಂದು ರೇಡಿಯೊ ದೂರದರ್ಶಕ. ಹೆಸರು ಸಾರಸ್-3. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ವಿನ್ಯಾಸಗೊಂಡು, ಅಲ್ಲೇ ತಯಾರಾಗಿ, 2020ರ ಮೊದಲ ತಿಂಗಳುಗಳಲ್ಲಿ ಮೊದಲು ದಂಡಿಗಾನಹಳ್ಳಿ ಕೆರೆಯಲ್ಲೂ ಆಮೇಲೆ ನಮ್ಮ ಹಿನ್ನೀರಿನಲ್ಲೂ ತೇಲಿತು. ಅದು ಆಲಿಸುತ್ತಿದ್ದದ್ದು ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಗಳಿಗೆಯನ್ನು. ಅದು ತಂದ ಉತ್ತರ, ‘ಇಲ್ಲ, ಬೇರೊಂದು ತಂಡ ತನಗೆ ಸಿಕ್ಕಿತೆಂದ ಸದ್ದು ಇಲ್ಲಿಲ್ಲ’ ಎಂಬುದು. ಆ ‘ಇಲ್ಲ’ದ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತಿರುವವನಾಗಿ ಇದನ್ನು ಹೇಳಲೇಬೇಕು ಎನಿಸುತ್ತದೆ.

ಮೊದಲು ಏನನ್ನು ಹುಡುಕುತ್ತಿದ್ದರು ಎಂಬುದನ್ನು ಹೇಳುತ್ತೇನೆ. ವಿಶ್ವ ಹುಟ್ಟಿ ಸುಮಾರು 1380 ಕೋಟಿ ವರ್ಷಗಳಾಗಿವೆ. ಮೊದಮೊದಲು ನಕ್ಷತ್ರಗಳೇ ಇರಲಿಲ್ಲ. ಹೆಚ್ಚುಕಡಿಮೆ ಎಲ್ಲೆಲ್ಲೂ ಜಲಜನಕದ ಅನಿಲ, ಕತ್ತಲೆ. ಎಲ್ಲೋ ಮೊದಲ ನಕ್ಷತ್ರಗಳು ಹೊತ್ತಿಕೊಂಡವು. ಅವುಗಳ ಅತಿನೇರಳೆ ಬೆಳಕು ತಾಗಿದ ಜಲಜನಕ, ಮಹಾಸ್ಫೋಟದ ಉಳಿಕೆಯಾಗಿ ಎಲ್ಲೆಡೆ ಹರಡಿದ್ದ ವಿಕಿರಣದಿಂದ 21 ಸೆಂಟಿಮೀಟರ್ ತರಂಗಾಂತರದ ಅಲೆಯನ್ನು ಹೀರಿಕೊಳ್ಳತೊಡಗಿತು. ವಿಶ್ವ ಹಿಗ್ಗುತ್ತ ಬಂದ ಹಾಗೆ ಆ ಅಲೆಯೂ ಹಿಗ್ಗಿತು. ಹೊರಟಾಗ 21 ಸೆಂಟಿಮೀಟರ್ ಇದ್ದದ್ದು ನಮ್ಮನ್ನು ತಲುಪುವಾಗ ನಾಲ್ಕು ಮೀಟರಿನ ಆಸುಪಾಸು ಆಗಿರುತ್ತದೆ. ಕಂಪನದ ಲೆಕ್ಕದಲ್ಲಿ ಹೇಳುವುದಾದರೆ 1420 ಮೆಗಾಹರ್ಟ್ಸ್ ಇದ್ದದ್ದು 80ರ ಹತ್ತಿರಕ್ಕೆ ಇಳಿದಿರುತ್ತದೆ. ನಮ್ಮ ಎಫ್‌ಎಂ ರೇಡಿಯೊ 88ರಿಂದ 108ರವರೆಗೆ ಬರುತ್ತದಲ್ಲ, ಅದರ ಪಕ್ಕದ ಮನೆಯಲ್ಲೇ ಈ ಹಳೆಯ ಅಲೆಯ ವಾಸ.

2018ರಲ್ಲಿ ಜಡ್ ಬೋಮನ್ ಅವರ ನೇತೃತ್ವದ ಅಮೆರಿಕದ ತಂಡವೊಂದು ಈ ಗುರುತು ತಮಗೆ ಸಿಕ್ಕಿತೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಅವರ ಉಪಕರಣದ ಹೆಸರು ಎಡ್ಜಸ್. ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ಎಂಬ ನಿರ್ಜನ ಬಯಲಿನಲ್ಲಿ ನೆಲದ ಮೇಲೆ ಲೋಹದ ಜಾಲರಿ ಹಾಸಿ, ಮೇಜಿನಷ್ಟು ದೊಡ್ಡ ಆಂಟೆನಾ ನಿಲ್ಲಿಸಿ ವರ್ಷಗಟ್ಟಲೆ ಅಳೆದಿದ್ದರು. 78 ಮೆಗಾಹರ್ಟ್ಸ್‌ನಲ್ಲಿ ಅರ್ಧ ಕೆಲ್ವಿನ್‌ನಷ್ಟು ಆಳದ ಒಂದು ತಗ್ಗು ಕಂಡಿತು (ರೇಡಿಯೊ ಸದ್ದಿನ ಬಲವನ್ನು ಉಷ್ಣತೆಯ ಮಾನವಾದ ಕೆಲ್ವಿನ್ನಿನಲ್ಲೇ ಹೇಳುತ್ತಾರೆ; ಜಲಜನಕ ಹೀರಿಕೊಂಡಷ್ಟು ಸದ್ದು ತಗ್ಗುತ್ತದೆ). ಮೊದಲ ನಕ್ಷತ್ರಗಳು ಮಹಾಸ್ಫೋಟದ ನಂತರ ಸುಮಾರು 18 ಕೋಟಿ ವರ್ಷಕ್ಕೆ ಬೆಳಗಿದ್ದವು ಎಂದು ಅದರ ಅರ್ಥ. ತೊಡಕು ಏನೆಂದರೆ, ನಮಗೆ ಗೊತ್ತಿರುವ ಭೌತಶಾಸ್ತ್ರ ಒಪ್ಪುವ ಗರಿಷ್ಠ ಆಳಕ್ಕಿಂತ ಇದು ಎರಡು ಪಟ್ಟಿಗೂ ಹೆಚ್ಚಿತ್ತು. ಹಾಗಾದರೆ ಆ ಜಲಜನಕ ನಾವು ಅಂದುಕೊಂಡದ್ದಕ್ಕಿಂತ ತಣ್ಣಗಿರಬೇಕು. ತಣ್ಣಗಾಗಿಸಿದ್ದು ಯಾವುದು? ಕಣ್ಣಿಗೆ ಕಾಣದೆ ಗುರುತ್ವದಿಂದ ಮಾತ್ರ ಗೊತ್ತಾಗುವ ಕಪ್ಪು ದ್ರವ್ಯವೇ ಅದರ ಬಿಸಿಯನ್ನು ಎಳೆದುಕೊಂಡಿರಬಹುದು ಎಂದು ಇಸ್ರೇಲಿನ ಖಗೋಳವಿಜ್ಞಾನಿ ರೆನ್ನನ್ ಬರ್ಕಾನಾ ಅದೇ ಹೊತ್ತಿಗೆ ಬರೆದರು. ಪ್ರಪಂಚದ ಸಿದ್ಧಾಂತಿಗಳೆಲ್ಲ ಬರೆಯತೊಡಗಿದರು. ಅಳತೆಯ ವಿಶ್ಲೇಷಣೆಯಲ್ಲೇ ಐಬು ಇರಬಹುದೆಂದು ಅದೇ ವರ್ಷ ಎಚ್ಚರಿಸಿದವರೂ ಇದ್ದರು. ಅದನ್ನು ತೀರ್ಮಾನಿಸಲು ಇನ್ನೊಬ್ಬರು, ಬೇರೆ ಉಪಕರಣದಿಂದ, ಬೇರೆ ಜಾಗದಲ್ಲಿ ಅಳೆಯಬೇಕಿತ್ತು.

ಅಳೆಯುವುದೆಂದರೆ ಎಷ್ಟು ಕಷ್ಟ! ಆ ಕಂಪನಗಳಲ್ಲಿ ನಮ್ಮ ಆಕಾಶಗಂಗೆಯ ರೇಡಿಯೊ ಸದ್ದೇ ಸಾವಿರಾರು ಕೆಲ್ವಿನ್. ಅದರೊಳಗಿನಿಂದ ಅರ್ಧ ಕೆಲ್ವಿನ್‌ನ ತಗ್ಗನ್ನು ಹೆಕ್ಕಬೇಕು. ಯಕ್ಷಗಾನದ ಚಂಡೆಯ ಪಕ್ಕದಲ್ಲೇ ಕುಳಿತು, ರಂಗಸ್ಥಳದ ಆಚೆಗಿನ ಮನೆಯ ಗೋಡೆ ಗಡಿಯಾರದ ಟಿಕ್‌ಟಿಕ್ ಕೇಳಿಸಿಕೊಂಡಂತೆ. ಕೇಳಿಸಿದ್ದು ಗಡಿಯಾರದ್ದೇ ಹೊರತು ನಿಮ್ಮ ಕಿವಿಯದ್ದಲ್ಲ ಎಂದು ಸಾಬೀತು ಮಾಡುವುದು ಅದಕ್ಕಿಂತ ದೊಡ್ಡ ಕೆಲಸ.

ಇಲ್ಲಿಯೇ ನೀರು ಬರುತ್ತದೆ. ನೆಲದ ಮೇಲಿಟ್ಟ ಆಂಟೆನಾ ಆಕಾಶವನ್ನು ಮಾತ್ರ ಕೇಳುವುದಿಲ್ಲ, ಕೆಳಗಿನ ನೆಲವನ್ನೂ ಕೇಳುತ್ತದೆ. ನಮ್ಮ ಮನೆಯ ಬಾವಿ ತೋಡಿಸುವಾಗ ನಾನೇ ನೋಡಿದ್ದೇನೆ: ಮೇಲೆ ಒಂದಾಳು ಕೆಮ್ಮಣ್ಣು, ಅದರಡಿ ಜಂಬಿಟ್ಟಿಗೆ ಕಲ್ಲು, ಆಮೇಲೆ ಜೇಡಿ, ಆಮೇಲೆ ಬಂಡೆ. ರೇಡಿಯೊ ಅಲೆ ಒಂದೊಂದು ಪದರದಲ್ಲೂ ಸ್ವಲ್ಪ ಸ್ವಲ್ಪ ಮರಳಿ ಬರುತ್ತದೆ. ಮರಳಿ ಬಂದದ್ದೆಲ್ಲ ಸೇರಿ ಅಳತೆಯಲ್ಲಿ ಏರಿಳಿತಗಳನ್ನು ಹುಟ್ಟಿಸುತ್ತವೆ. ಅಂಥ ಒಂದು ಇಳಿತವನ್ನು ವಿಶ್ವದ ಮೊದಲ ಬೆಳಗೆಂದು ಭ್ರಮಿಸಲು ಎಷ್ಟು ಹೊತ್ತು ಬೇಕು? ಕೆರೆಯ ನೀರಿಗೆ ಪದರಗಳ ಈ ಕಾಟವಿಲ್ಲ. ಮೇಲಿನಿಂದ ಆಳದವರೆಗೆ ಒಂದೇ ಗುಣ, ಎಲ್ಲಿ ಅಳೆದರೂ ಒಂದೇ ನಡತೆ. ಆದ್ದರಿಂದ ಆಂಟೆನಾವನ್ನು ನೀರಿನ ಮೇಲೆ ತೇಲಿಸೋಣ ಎಂದರು ರಾಮನ್ ಸಂಸ್ಥೆಯ ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮತ್ತು ಅವರ ಸಂಗಡಿಗರು. ಹೇಳಿದ ಮೇಲೆ ಎಷ್ಟು ಸರಳ ಎನಿಸುತ್ತದೆ! ಮೊದಲು ಹೊಳೆಯಬೇಕಲ್ಲ.

ಜಾಗ ಹುಡುಕಿಕೊಂಡು ಹಿನ್ನೀರಿಗೆ ಬಂದದ್ದಕ್ಕೆ ಇನ್ನೊಂದು ಕಾರಣ ನಿಶ್ಶಬ್ದ. ಮೊಬೈಲ್ ಸಿಗ್ನಲ್ ಇಲ್ಲ, ಎಫ್‌ಎಂ ಹಿಡಿಯುವುದಿಲ್ಲ, ಒಂದು ಫೋನ್ ಮಾಡಬೇಕಾದರೆ ಗುಡ್ಡ ಹತ್ತಬೇಕು ಎಂದು ನಾವು ವರ್ಷಗಟ್ಟಲೆ ಅರ್ಜಿ ಬರೆದ ಸೀಮೆ ಇದು. ನಮ್ಮ ಕಷ್ಟ ನಿಜವಾದದ್ದೇ, ಈಗಲೂ ಅದನ್ನು ಸಣ್ಣದೆಂದು ಹೇಳಲಾರೆ. ಆದರೆ ಮನುಷ್ಯನ ಗದ್ದಲ ಕಡಿಮೆ ಇರುವ ಇಂಥ ಕಡೆಯೇ ಸಾವಿರ ಕೋಟಿ ವರ್ಷಗಳಿಗೂ ಹಿಂದಿನ ಅಲೆಯನ್ನು ಆಲಿಸಲು ಸಾಧ್ಯ ಎಂದು ತಿಳಿದ ದಿನ ಮೈ ಜುಮ್ಮೆಂದಿತು.

ಫಲಿತಾಂಶ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಪ್ರಕಟವಾದದ್ದು 2022ರ ಫೆಬ್ರವರಿ 28ರಂದು. ಸಿ.ವಿ. ರಾಮನ್ ತಮ್ಮ ಪರಿಣಾಮವನ್ನು ಕಂಡುಕೊಂಡ ದಿನ, ನಮ್ಮ ರಾಷ್ಟ್ರೀಯ ವಿಜ್ಞಾನ ದಿನ. ಅವರೇ ಕಟ್ಟಿದ ಸಂಸ್ಥೆಯಿಂದ ಬಂದ ಮಾತು ಇದು: ಎಡ್ಜಸ್ ಕಂಡಿತೆಂದ ತಗ್ಗು ನಮ್ಮ ಅಳತೆಯಲ್ಲಿ ಇಲ್ಲ; ಶೇಕಡಾ 95.3ರಷ್ಟು ಭರವಸೆಯಿಂದ ಅದನ್ನು ತಳ್ಳಿಹಾಕುತ್ತೇವೆ. ನೂರಕ್ಕೆ ನೂರು ಎನ್ನಲಿಲ್ಲ. ಆ 95.3 ಎಂಬ ಅಂಕಿಯನ್ನು ನಾನು ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತೇನೆ. ತಾವು ಎಷ್ಟು ನಂಬಿದ್ದೇವೆ, ಎಷ್ಟು ನಂಬಿಲ್ಲ ಎಂಬುದನ್ನು ದಶಮಾಂಶದವರೆಗೆ ಹೇಳುವ ಪ್ರಾಮಾಣಿಕತೆ ಬೇರೆ ಎಲ್ಲಿ ಸಿಗುತ್ತದೆ?

ಆ ದಿನ ನಮ್ಮ ಕಾಲೇಜಿನಲ್ಲಿ ವಿಜ್ಞಾನ ದಿನದ ಸಭೆ ನಡೆಯಿತು. ಭಾಷಣಗಳಾದವು, ರಾಮನ್ ಅವರ ಫೋಟೊಕ್ಕೆ ಹಾರ ಹಾಕಿದೆವು. ಸಾರಸ್ ಸುದ್ದಿ ನನಗೆ ತಿಳಿದದ್ದು ಅದಾಗಿ ಕೆಲವು ದಿನಗಳ ಮೇಲೆ, ಪತ್ರಿಕೆಯ ಒಳಪುಟದಲ್ಲಿ. ಖುಷಿಯಿಂದ ಸ್ನೇಹಿತರೊಬ್ಬರಿಗೆ ಹೇಳಿದರೆ, “ಅಂದರೆ ಏನೂ ಸಿಗಲಿಲ್ಲ ಎಂದಾಯಿತಲ್ಲ” ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನಾವೆಲ್ಲರೂ ಹಾಗೆಯೇ ಬೆಳೆದಿದ್ದೇವೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳೆಂಬ, ಯಾವುದಕ್ಕೂ ಸುಲಭವಾಗಿ ತಾಗದ ಕಣಗಳ ಸುಳಿವು ಸಿಕ್ಕ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಅದೇ ಗಣಿಯಲ್ಲಿ 1980ರಿಂದ 140 ಟನ್ ಕಬ್ಬಿಣದ ಉಪಕರಣವಿಟ್ಟು ಪರಮಾಣುವಿನ ಒಡಲಿನ ಪ್ರೋಟಾನ್ ಎಂಬ ಕಣ ತಾನಾಗಿಯೇ ಒಡೆದು ಸಾಯುವುದನ್ನು ಕಾದು ಕುಳಿತವರ ಕಥೆಯನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಸತ್ತಿರಬಹುದು ಎನ್ನಿಸುವ ಕೆಲವು ಘಟನೆಗಳು ಅವರಿಗೆ ಕಂಡವು, ಮುಂದೆ ಬಂದ ದೊಡ್ಡ ಪ್ರಯೋಗಗಳು ಅದನ್ನು ಒಪ್ಪಲಿಲ್ಲ. ಆದರೆ ‘ಇಷ್ಟು ಕಾಲ ಕಾದರೂ ಪ್ರೋಟಾನ್ ಸಾಯಲಿಲ್ಲ’ ಎಂಬ ಅಂಥ ಅಳತೆಗಳಿಂದಲೇ ಗುರುತ್ವ ಬಿಟ್ಟು ನಿಸರ್ಗದ ಉಳಿದ ಬಲಗಳೆಲ್ಲ ಮೂಲದಲ್ಲಿ ಒಂದೇ ಎನ್ನುವ ಮಹಾ ಏಕೀಕರಣದ ಅತಿ ಸರಳವಾದ ಸಿದ್ಧಾಂತ ಬಿದ್ದುಹೋಯಿತು. ಸಿದ್ಧಾಂತಿ ಕಾಗದದ ಮೇಲೆ ನೂರು ವಿಶ್ವಗಳನ್ನು ಕಟ್ಟಬಹುದು. ಅದರಲ್ಲಿ ತೊಂಬತ್ತೊಂಬತ್ತನ್ನು ಅಳಿಸಿಕೊಡುವ ಕೆಲಸ ಯಾರಾದರೂ ಮಾಡಬೇಕಲ್ಲ?

ಈ ವಿಷಯ ನನ್ನನ್ನು ಇಷ್ಟು ಕಾಡುವುದಕ್ಕೆ ಒಂದು ಕಾರಣವಿದೆ. ಹಿಂದೆ ಬೇರೊಂದು ಕಾಲೇಜಿನಲ್ಲಿದ್ದಾಗ ನಡೆದದ್ದು. ಪ್ರಥಮ ಪಿಯುಸಿಯ ಸರಳ ಲೋಲಕದ ಪ್ರಯೋಗ. ದಾರಕ್ಕೆ ಗುಂಡು ಕಟ್ಟಿ, ಇಪ್ಪತ್ತು ಆಂದೋಲನಗಳ ಕಾಲ ಅಳೆದು, ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕು. ಉತ್ತರ 9.8 ಎಂದು ಎಲ್ಲರಿಗೂ ಮೊದಲೇ ಗೊತ್ತು. ಹಾಗಾಗಿ ಬಹುಪಾಲು ಮಕ್ಕಳು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದುಬಿಡುತ್ತಾರೆ. ಒಬ್ಬ ಹುಡುಗಿ ಮಾತ್ರ ತನಗೆ ಬಂದದ್ದನ್ನೇ ಬರೆದಿದ್ದಳು. 40 ಸೆಂಟಿಮೀಟರ್ ದಾರಕ್ಕೆ 9.32, ದಾರ ಉದ್ದವಾದಂತೆ ಏರುತ್ತ ಹೋಗಿ 80ಕ್ಕೆ 9.55. ಸರಾಸರಿ 9.45. ದಾರದ ಉದ್ದಕ್ಕೆ ಆಂದೋಲನ ಕಾಲದ ವರ್ಗವನ್ನು ಗುರುತಿಸಿದ ನಕ್ಷೆಯ ಗೆರೆ ಮೂಲಬಿಂದುವಿನ ಮೂಲಕ ಹೋಗದೆ, ಉದ್ದದ ಅಕ್ಷವನ್ನು ಎರಡು ಸೆಂಟಿಮೀಟರ್ ಎಡಕ್ಕೆ ಮುಟ್ಟಿತ್ತು. ಪರೀಕ್ಷಕರು ಗೆರೆಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು ಅಂಕ ಕಳೆದರು. ಪಕ್ಕದಲ್ಲೇ ಕುಳಿತಿದ್ದ ನಾನು ಸುಮ್ಮನಿದ್ದೆ.

ಸಂಜೆ ಬೀರು ಮುಚ್ಚುವಾಗ ಅದೇ ಗುಂಡನ್ನು ಕೈಗೆತ್ತಿಕೊಂಡು ಅಳೆದೆ. ಆಕೆ ದಾರವನ್ನು ಗಂಟಿನವರೆಗೆ ಮಾತ್ರ ಅಳೆದಿದ್ದಳು. ಕೊಕ್ಕೆಯನ್ನೂ ಗುಂಡಿನ ಅರ್ಧ ವ್ಯಾಸವನ್ನೂ ಸೇರಿಸಿರಲಿಲ್ಲ. ಅವೆರಡೂ ಸೇರಿದರೆ ಎಷ್ಟು? ಎರಡು ಸೆಂಟಿಮೀಟರ್. ಆಕೆಯ ತಪ್ಪು ಎಲ್ಲಿದೆ, ಎಷ್ಟಿದೆ ಎಂಬುದನ್ನು ಆಕೆಯ ನಕ್ಷೆಯೇ ಹೇಳುತ್ತಿತ್ತು. ಗೆರೆಯ ಓಟದಿಂದ ಲೆಕ್ಕ ಹಾಕಿದರೆ 9.8ರ ಹತ್ತಿರಕ್ಕೇ ಬರುತ್ತಿತ್ತು. ಇಡೀ ತರಗತಿಯಲ್ಲಿ ನಿಜವಾಗಿ ಪ್ರಯೋಗ ಮಾಡಿದವಳು ಅವಳೊಬ್ಬಳೇ, ಅಂಕ ಹೋದದ್ದೂ ಅವಳದ್ದೇ. ಮಾರನೆಯ ದಿನ ಕರೆದು ವಿವರಿಸಿದೆ. “ಹಾಗಾದರೆ ನಾನು 9.8 ಎಂದೇ ಬರೆಯಬೇಕಿತ್ತಾ ಸರ್?” ಎಂದಳು. ಆ ಪ್ರಶ್ನೆಯ ಮುಂದೆ ನಾನು ನಿಂತ ರೀತಿಯನ್ನು ಇವತ್ತಿಗೂ ಮರೆತಿಲ್ಲ.

ನೆಲದ ಪದರಗಳು ಆಂಟೆನಾಕ್ಕೆ ಏನು ಮಾಡುತ್ತವೋ ಆ ಎರಡು ಸೆಂಟಿಮೀಟರ್ ಲೋಲಕಕ್ಕೆ ಅದನ್ನೇ ಮಾಡಿತ್ತು. ವ್ಯತ್ಯಾಸ ಬಂದಾಗ ಅದನ್ನು ಮುಚ್ಚಿಡದೆ ಅದರ ಬೆನ್ನು ಹತ್ತಿ ಹೋಗುವವರು ಕೆರೆಯ ಮೇಲೆ ತೆಪ್ಪ ಇಳಿಸುತ್ತಾರೆ. ಮುಚ್ಚಿಡುವುದನ್ನು ಹದಿನಾರನೆಯ ವಯಸ್ಸಿಗೇ ಕಲಿಸಿಬಿಟ್ಟು, ಆಮೇಲೆ ನಮ್ಮಲ್ಲಿ ವಿಜ್ಞಾನಿಗಳು ಯಾಕೆ ಕಡಿಮೆ ಎಂದು ಕೇಳುವುದು ಅನ್ಯಾಯ. ಪ್ರಯೋಗಾಲಯದಲ್ಲಿ ಉಪಕರಣ ಸಾಲದು, ಅನುದಾನ ಸಾಲದು ಎಂಬುದು ನಿಜ, ಅದಕ್ಕಾಗಿ ನಾನೂ ಅರ್ಜಿ ಬರೆಯುತ್ತಲೇ ಇದ್ದೇನೆ. ಆದರೆ ಬಂದ ರೀಡಿಂಗನ್ನು ಬಂದ ಹಾಗೆ ಬರೆಯಲು ಅನುದಾನ ಬೇಕಾಗಿಲ್ಲ. ಅಂಕ ಕೊಡುವವರ ಮನಸ್ಸು ಬೇಕು. ಸಹೋದ್ಯೋಗಿಗಳೇ, ಇದನ್ನು ಕೈಮುಗಿದು ಕೇಳುತ್ತಿದ್ದೇನೆ.

ಹುಡುಕಾಟ ಮುಗಿದಿಲ್ಲ. ದಕ್ಷಿಣ ಆಫ್ರಿಕಾದ ಕರೂ ಮರುಭೂಮಿಯಲ್ಲಿ ರೀಚ್ ಎಂಬ ಇನ್ನೊಂದು ಪ್ರಯೋಗ ಇದೇ ಅಲೆಗೆ ಕಿವಿಗೊಟ್ಟಿದೆ. ರಾಮನ್ ಸಂಸ್ಥೆಯವರು ಪ್ರತುಷ್ ಎಂಬ ಉಪಕರಣವನ್ನು ಚಂದ್ರನ ಸುತ್ತ ಕಳುಹಿಸಲು ಸಿದ್ಧತೆ ನಡೆಸಿದ್ದಾರೆ. ಆ ಹೆಸರು ಕೇಳಿದರೆ ಮುಂಜಾವಿಗೆ ನಾವೆನ್ನುವ ಪ್ರತ್ಯೂಷವೇ ನೆನಪಾಗುತ್ತದೆ. ಚಂದ್ರನ ಆಚೆ ಮಗ್ಗುಲಿಗೆ ಹೋದಾಗ ಭೂಮಿಯ ರೇಡಿಯೊ ಗದ್ದಲವನ್ನೆಲ್ಲ ಚಂದ್ರನೇ ಅಡ್ಡ ನಿಂತು ತಡೆಯುತ್ತಾನೆ. ಅಲ್ಲಿ ಕೆಳಗೆ ನೆಲವೂ ಇಲ್ಲ, ನೀರೂ ಬೇಕಾಗಿಲ್ಲ. ಅಂಥ ಉಪಕರಣವನ್ನು ಉಪಗ್ರಹಕ್ಕೆ ಒಗ್ಗುವಷ್ಟು ಹಗುರವಾಗಿ, ಉಪಗ್ರಹದ ಸ್ವಂತ ವಿದ್ಯುತ್ ಗದ್ದಲ ತಾಗದಂತೆ ಕಟ್ಟುವುದು ಎಂಜಿನಿಯರುಗಳಿಗೆ ದೊಡ್ಡ ಸವಾಲು. ಅಲ್ಲಿಂದಲೂ ‘ಇಲ್ಲ’ ಎಂಬ ಉತ್ತರವೇ ಬಂದರೆ ನಾನಂತೂ ಮಕ್ಕಳಿಗೆ ಸಿಹಿ ಹಂಚುತ್ತೇನೆ.

ಈ ವರ್ಷ ನನ್ನ ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ ಪ್ರತಿ ಪ್ರಯೋಗದ ಕೊನೆಗೆ ಅರ್ಧ ಪುಟ ಖಾಲಿ ಬಿಡಿಸಿದ್ದೇನೆ. ಹೊಂದದೆ ಹೋದದ್ದನ್ನು ಅಲ್ಲಿ ಬರೆಯಬೇಕು. ಮೊನ್ನೆ ಒಬ್ಬ ಹುಡುಗ ಬರೆದಿದ್ದ: “ಗುಂಡು ನೇರವಾಗಿ ಆಡದೆ ಸುತ್ತುತ್ತಿತ್ತು. ಗಾಳಿ ಇರಬಹುದೆಂದು ಕಿಟಕಿ ಮುಚ್ಚಿ ಮತ್ತೆ ಮಾಡಿದೆ. ಆದರೂ 9.6 ಬಂತು. ಕಾರಣ ಗೊತ್ತಾಗಲಿಲ್ಲ, ಸೋಮವಾರ ದಾರ ಬದಲಿಸಿ ನೋಡುತ್ತೇನೆ.” ಕೆಳಗೆ ದಿನಾಂಕ ಹಾಕಿ ಸಹಿ ಮಾಡಿದೆ.